ಆರು ತಿಂಗಳ ನಕ್ಷತ್ರ

ನಮ್ಮಪ್ಪ ತೀರಿಕೊಂಡದ್ದು ಮೇ ತಿಂಗಳ ಒಂದು ಬೆಳಿಗ್ಗೆ, ಚಹಾ ಕುಡಿದು ಬಸಿ ಕೆಳಗಿಟ್ಟ ಮೇಲೆ. ಸಾವಿಗೆ ಕಾರಣ ಹೃದಯ ಅಂತ ಡಾಕ್ಟರು ಬರೆದುಕೊಟ್ಟರು. ನಮ್ಮ ಮಂದಿ ಆ ಕಾಗದವನ್ನು ಕಣ್ಣೆತ್ತಿಯೂ ನೋಡಲಿಲ್ಲ. ಅವರಿಗೆ ಬೇಕಾಗಿದ್ದದ್ದು ಬೇರೆ: ಎಷ್ಟೊತ್ತಿಗೆ ಹೋದರು, ಯಾವ ನಕ್ಷತ್ರ? ಗಡಿಯಾರ ನೋಡಿದವಳು ನಾನೊಬ್ಬಳೇ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಾಗೆ ಹೇಳಿದ್ದಕ್ಕೆ ನಮ್ಮವ್ವನ ಮನೆ ಹೋಯಿತು. ಇಷ್ಟು ವರ್ಷವಾದರೂ ನೆನೆಸಿಕೊಂಡರೆ ಮೈ ಉರಿಯುತ್ತದೆ. ಸಮಾಧಾನದಿಂದ ಬರೆಯಲು ನನ್ನಿಂದ ಆಗುವುದಿಲ್ಲ, ಬರೆಯುವ ಮನಸ್ಸೂ ಇಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಪುಣೆಯ ಹಳೆಯ ಪೇಠೆಯೊಂದರಲ್ಲಿ, ಒಂದು ವಾಡೆಯ ಮೇಲಿನ ಅಂತಸ್ತಿನಲ್ಲಿ ನಾವು ಬಾಡಿಗೆಗಿದ್ದೆವು. ಎರಡೇ ಖೋಲಿ: ಹೊರಗೊಂದು, ಒಳಗೆ ಅಡಿಗೆಮನೆ. ಕೆಳಗೆ ಚೌಕ, ಅದರ ಸುತ್ತ ಏಳೆಂಟು ಸಂಸಾರ, ಎಲ್ಲರಿಗೂ ಕೂಡಿ ಒಂದೇ ನಳ. ವಿಜಾಪುರದ ಕಡೆಯಿಂದ ಮದುವೆಯಾಗಿ ಬಂದ ಅವ್ವ ಅಲ್ಲಿ ಮೂವತ್ತು ವರ್ಷ ಬಾಳಿದ್ದಳು. ಅವಳು ಮರಾಠಿ ಕಲಿತದ್ದು ಆ ನಳದ ಕಟ್ಟೆಯ ಮೇಲೆ, ಜಗಳಾಡುತ್ತ. ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಮನೆ ಅಂದರೆ ಅವಳಿಗೆ ಅದೊಂದೇ. ವಾಡೆಯ ಮಾಲಕನಿಗೆ ಎಲ್ಲವನ್ನೂ ಕೆಡವಿ ಬಿಲ್ಡರನಿಗೆ ಕೊಡುವ ಆಸೆ. ಆದರೆ ಕಾಯ್ದೆ ಬಾಡಿಗೆದಾರರ ಕಡೆಗಿತ್ತು. ಬಾಡಿಗೆ ಕೊಡುತ್ತ, ಮನೆಯಲ್ಲಿ ವಾಸವಾಗಿರುವ ತನಕ ನಮ್ಮನ್ನು ಯಾರೂ ಎಬ್ಬಿಸುವ ಹಾಗಿರಲಿಲ್ಲ. ವಾಸವಾಗಿರುವ ತನಕ ಅಷ್ಟೇ.

ಅಪ್ಪ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಹಗಲೆಲ್ಲ ಫೈಲು, ಸಂಜೆ ಊಟವಾದ ಮೇಲೆ ಆಕಾಶ. ನಾನು ಸಣ್ಣವಳಿದ್ದಾಗ ನನ್ನನ್ನು ವಾಡೆಯ ಗಚ್ಚಿಗೆ ಕರೆದುಕೊಂಡು ಹೋಗಿ, ಚಾಪೆ ಹಾಸಿ ಅಂಗಾತ ಮಲಗಿಸಿ ಚುಕ್ಕಿ ತೋರಿಸುತ್ತಿದ್ದರು. ಅವರಿಗೆ ಜಾತಕ, ಕುಂಡಲಿ ಏನೂ ಬೇಕಿರಲಿಲ್ಲ. ಕತೆ ಬೇಕಾಗಿತ್ತು.

"ಚಂದ್ರಗ ಇಪ್ಪತ್ತೇಳು ಮಂದಿ ಹೆಂಡಂದಿರು ನೋಡು, ಎಲ್ಲಾರೂ ದಕ್ಷನ ಮಕ್ಕಳು. ದಿನಾ ಒಬ್ಬಾಕಿ ಮನ್ಯಾಗ ವಸ್ತಿ ಮಾಡಬೇಕು ಅಂತ ಮಾತಾಗಿತ್ತು. ಇಂವಾ ರೋಹಿಣಿ ಮನಿ ಬಿಟ್ಟು ಏಳಲೇ ಇಲ್ಲ. ಮಾವ ಸಿಟ್ಟಿಗೆದ್ದು ನಿನಗ ಕ್ಷಯಾ ಹತ್ತಲಿ ಅಂತ ಶಾಪಾ ಕೊಟ್ಟ. ಅದಕ್ಕ ಹದಿನೈದು ದಿವಸ ಕರಗತಾನ, ಹದಿನೈದು ದಿವಸ ಬೆಳೀತಾನ." ಆಮೇಲೆ ತಾವೇ ನಗುತ್ತಿದ್ದರು. "ಆಕಾಶದಾಗೂ ಮನೀ ಜಗಳನ ಅದ."

ಧನಿಷ್ಠಾವನ್ನು ತೋರಿಸಿದ್ದೂ ಅವರೇ. ದಸರೆಯ ಹೊತ್ತಿಗೆ ಸಂಜೆ ನೆತ್ತಿಯ ಮೇಲೆ ಬರುತ್ತದೆ. ಹೆಬ್ಬೆರಳು ಅಡ್ಡ ಹಿಡಿದರೆ ಮುಚ್ಚಿಹೋಗುವಷ್ಟು ಸಣ್ಣ ಗುಂಪು, ನಾಲ್ಕೈದು ಮಬ್ಬು ಚುಕ್ಕಿ, ಮದ್ದಳೆಯ ಆಕಾರ. ಅದರ ದೇವತೆಗಳು ಅಷ್ಟವಸುಗಳು. "ಎಂಟೂ ಮಂದಿ ಕಳ್ಳರು," ಅನ್ನುತ್ತಿದ್ದರು ಅಪ್ಪ. "ವಸಿಷ್ಠರ ಆಕಳಾ ಕದ್ದರು. ಋಷಿ ಶಾಪಾ ಕೊಟ್ಟಾಗ ಏಳು ಮಂದಿ ಗಂಗಾದೇವಿ ಕಾಲು ಹಿಡಕೊಂಡು, ಭೂಮಿ ಮ್ಯಾಲ ಹುಟ್ಟಿದ ಕೂಡಲೆ ಪಾರಾದ್ರು. ಎಂಟನೇದಾಂವ ಒಬ್ಬನ ಸಿಕ್ಕೊಂಡ. ಭೀಷ್ಮ ಆಗಿ ಬಾಣದ ಹಾಸಿಗಿ ಮ್ಯಾಲ ಮಲಗಿದ." ಕದ್ದವರು ಮೇಲೆ ಹೊಳೆಯುತ್ತಾರೆ, ಅನುಭವಿಸುವವರು ಕೆಳಗೆ. ಅಪ್ಪ ಇದನ್ನು ತಮಾಷೆಗೆ ಹೇಳುತ್ತಿದ್ದರು. ನಾನು ತಮಾಷೆಗೆ ಹೇಳುತ್ತಿಲ್ಲ.

ಕೆಳಗಿನ ಮನೆಯಲ್ಲಿ ಒಬ್ಬ ಮರಾಠಿ ಮುದುಕರಿದ್ದರು, ಇಡೀ ವಾಡೆಗೆ ಅಜೋಬಾ, ಅಂದರೆ ಅಜ್ಜ. ಅವರೂ ಒಮ್ಮೊಮ್ಮೆ ಗಚ್ಚಿಗೆ ಬರುತ್ತಿದ್ದರು. ಅಪ್ಪ ಸಪ್ತರ್ಷಿಗಳು ಅಂತ ತೋರಿಸಿದ್ದನ್ನು ಅವರು ಮುದುಕಿಯ ಮಂಚ ಅನ್ನುತ್ತಿದ್ದರು: ನಾಲ್ಕು ಚುಕ್ಕಿ ಮಂಚದ ಕಾಲು, ಉಳಿದ ಮೂರು ಅದನ್ನು ಎಳೆದೊಯ್ಯುತ್ತಿರುವ ಕಳ್ಳರು. ಇಬ್ಬರೂ ವಾದ ಮಾಡಿ ಮಾಡಿ ನಗುತ್ತಿದ್ದರು. ಒಂದೇ ಚುಕ್ಕಿಗೆ ಎರಡು ಮನೆಯಲ್ಲಿ ಎರಡು ಕತೆ. ಕತೆಯಾಗಿರುವ ತನಕ ಅದರಿಂದ ಯಾರಿಗೂ ಕೇಡಿರಲಿಲ್ಲ.

ಆ ಮೇ ತಿಂಗಳಲ್ಲಿ ಅಪ್ಪ ಎಂಟು ದಿನ ಆಸ್ಪತ್ರೆಯಲ್ಲಿದ್ದರು. ನಾನು ಒಬ್ಬಳೇ ಮಗಳು, ಆಗ ಇಪ್ಪತ್ತಾರು ವರ್ಷ, ಒಂದು ಆಫೀಸಿನಲ್ಲಿ ಟೈಪಿಸ್ಟ್. "ಮನೀಗೆ ಕರಕೊಂಡ ನಡಿ ಮಗಳ," ಅಂದರು ಒಂಬತ್ತನೆಯ ದಿನ. "ಇಲ್ಲೆ ಈ ಬಿಳೇ ಛತ್ತು ನೋಡಿ ನೋಡಿ ಸಾಕಾಗೇದ." ಡಾಕ್ಟರು ಒಲ್ಲದ ಮನಸ್ಸಿನಿಂದ ಬಿಟ್ಟರು. ನಾನೇ ಸಹಿ ಹಾಕಿ ಕರೆತಂದೆ. ಮೂರನೆಯ ದಿನ ಹೊರಗಿನ ಖೋಲಿಯಲ್ಲಿ, ತಮ್ಮ ಮಂಚದ ಮೇಲೆ, ಹೋಗಿಬಿಟ್ಟರು. ಆಗ ಒಂಬತ್ತೂ ಇಪ್ಪತ್ತು.

ಅಪ್ಪನ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ವಿಜಾಪುರದಲ್ಲಿದ್ದರು. ಫೋನು ಮಾಡಿದರೂ ಅವರು ಮುಟ್ಟುವುದು ಮರುದಿನವೇ. ಆ ಬಿಸಿಲಿನಲ್ಲಿ ಹೆಣ ಇಟ್ಟುಕೊಂಡು ಕೂಡುವುದು ಹೇಗೆ? ಪುಣೆಯಲ್ಲೇ ಓದುತ್ತಿದ್ದ ದೊಡ್ಡಪ್ಪನ ಮಗ ಓಡಿಬಂದ. ಅವನೇ ಬೆಂಕಿ ಕೊಟ್ಟ. ಉಳಿದದ್ದನ್ನೆಲ್ಲ ಅಜೋಬಾ ನಡೆಸಿದರು. ಅವರು ಕರೆತಂದ ಭಟಜಿ ಹೊತ್ತು ಕೇಳಿ, ಪಂಚಾಂಗ ನೋಡಿ, ಪಂಚಕ ಹತ್ತಿದೆ ಅಂದ. ಧನಿಷ್ಠಾದ ಎರಡನೆಯ ಅರ್ಧದಿಂದ ರೇವತಿ ಮುಗಿಯುವ ತನಕ ಪಂಚಕ. ಅದರಲ್ಲಿ ಒಬ್ಬರು ಸತ್ತರೆ ಆ ಮನೆಯಲ್ಲಿ ಒಂದರ ಹಿಂದೊಂದು ಐದು ಸಾವು ಅನ್ನುವ ನಂಬಿಕೆ. ಅಜೋಬಾ ತಮ್ಮ ಮನೆಯ ಗೋಧಿಹಿಟ್ಟನ್ನೇ ಕಲಸಿ ಐದು ಪುಟ್ಟ ಗೊಂಬೆ ಮಾಡಿದರು. ಅವನ್ನು ಅಪ್ಪನ ಜೊತೆಗೇ ಸುಟ್ಟರು. ಬರಬೇಕಾದ ಸಾವು ಅಲ್ಲಿಗೇ ತೀರಿತು ಅಂತ ಲೆಕ್ಕ. ಭಟಜಿ ಕೈ ತೊಳೆದುಕೊಂಡು ಹೋದ.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಸ್ವಾರಗೇಟಿನ ಬಸ್‌ ನಿಲ್ದಾಣದಲ್ಲಿ ಇಳಿದು ರಿಕ್ಷಾ ಮಾಡಿಕೊಂಡು ಬಂದರು. ಮೆಟ್ಟಿಲು ಹತ್ತಿದವರು ಹೊಸ್ತಿಲ ಆಚೆಗೇ ನಿಂತರು. ಅಳಲಿಲ್ಲ. ಚೀಲದಿಂದ ಪಂಚಾಂಗ ತೆಗೆದರು.

"ಎಷ್ಟೊತ್ತಿಗೆ ಹೋದ?"

"ಒಂಬತ್ತೂ ಇಪ್ಪತ್ತಕ್ಕ."

ಬೆರಳು ಸಾಲಿನ ಮೇಲೆ ಓಡಿತು. "ನಿನ್ನಿ ಒಂಬತ್ತಕ್ಕ ಪಂಚಕ ಹತ್ತೇದ. ಥತ್! ಇಪ್ಪತ್ತ ಮಿನಿಟಿನ ಮಾತು!" ಅಂದು ನನ್ನ ಕಡೆ ತಿರುಗಿದರು. "ಆಸ್ಪತ್ರಿಯಿಂದ ಯಾಕ ತಂದಿ? ಅಲ್ಲೇ ಹೋಗಿದ್ರ ಮನೀಗೆ ದೋಷ ಇರತಿದ್ದಿಲ್ಲ."

ತಮ್ಮ ಸತ್ತು ಒಂದು ದಿನ ತುಂಬಿದೆಯೋ ಇಲ್ಲವೋ, ಬಾಯಿಂದ ಬರುವ ಮಾತು ಇದೇ? ಒಬ್ಬ ಮನುಷ್ಯ ತನ್ನ ಮನೆಯಲ್ಲಿ, ತನ್ನ ಮಂಚದ ಮೇಲೆ, ಹೆಂಡತಿ ಮಾಡಿದ ಚಹಾ ಕುಡಿದು ಹೋಗಿದ್ದು ತಪ್ಪಾಯಿತೆ? ಬಾಯಿಗೆ ಬಂದದ್ದನ್ನು ಹಲ್ಲು ಕಚ್ಚಿ ನುಂಗಿದೆ. ಇನ್ನೊಂದು ಸಿಟ್ಟು ನನ್ನ ಮೇಲೆಯೇ ಇತ್ತು. ಎಂಟೂವರೆ ಅಂದಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಸಾವಿಗೂ ರೈಲಿನ ಹಾಗೆ ಮಿನಿಟಿನ ಲೆಕ್ಕ ಇರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ನಮ್ಮ ಕಡೆಯ ರೂಢಿಯಲ್ಲಿ ಹಿಟ್ಟಿನ ಗೊಂಬೆ ನಡೆಯುವುದಿಲ್ಲ. ಸಾವಾದ ಮನೆಯನ್ನೇ ಮುಚ್ಚಬೇಕು. ಧನಿಷ್ಠಾ ಪಂಚಕಕ್ಕೆ ಆರು ತಿಂಗಳು, ರೋಹಿಣಿಗೆ ನಾಲ್ಕು, ಕೃತ್ತಿಕಾಕ್ಕೆ ಮೂರು, ಮೃಗಶಿರಾಕ್ಕೆ ಎರಡು. ಅಷ್ಟು ದಿನ ದೀಪ ಹಚ್ಚುವಂತಿಲ್ಲ, ಒಲೆ ಹೊತ್ತಿಸುವಂತಿಲ್ಲ, ಒಳಗೆ ಕಾಲಿಡುವಂತಿಲ್ಲ. ಈ ಅವಧಿ ಕಟ್ಟಿದವರು ಯಾರೋ, ಅವರಿಗೆ ಊರಲ್ಲಿ ಎರಡು ಮನೆ, ಹೊಲದಲ್ಲೊಂದು, ಅಣ್ಣತಮ್ಮಂದಿರ ಪಡಸಾಲೆ ಬೇರೆ. ಒಂದು ಬಾಗಿಲು ಮುಚ್ಚಿದರು, ಇನ್ನೊಂದು ತೆಗೆದು ಕೂತರು. ಚಂದ್ರನಿಗಂತೂ ಇಪ್ಪತ್ತೇಳು ಮನೆ. ನಮ್ಮವ್ವನಿಗೆ ಇದ್ದದ್ದು ಒಂದು, ಅದೂ ಬಾಡಿಗೆಯದು.

ದೊಡ್ಡಪ್ಪ ಆಚಾರ್ರನ್ನು ಕರೆಸಿದರು. ಪುಣೆಯ ನಮ್ಮ ಕನ್ನಡ ಮಂದಿಯ ಶ್ರಾದ್ಧ, ಶಾಂತಿ, ಸತ್ಯನಾರಾಯಣ ಎಲ್ಲಕ್ಕೂ ಅವರೇ. ಅವರು ಬಂದು ಕೂತ ಕೂಡಲೇ ನಾನು ಕೇಳಿದೆ.

"ಆಚಾರ್ರ, ನಿನ್ನಿ ಐದು ಗೊಂಬಿ ಸುಟ್ಟಾರಲ್ರೀ. ಪಂಚಕ ಹೋತು ಅಂದ್ರು."

"ಅದು ಅವರ ಪದ್ಧತಿ. ನಿಮ್ಮ ಮನಿತನಕ್ಕ ನಿಮ್ಮ ಪದ್ಧತಿ."

"ನಕ್ಷತ್ರ ಒಂದ ಅದ ಅಲ್ರೀ?"

"ನಕ್ಷತ್ರ ಒಂದ. ಆಚಾರ ಬ್ಯಾರೆ."

ಕೇಳಿದಿರಾ? ಸೊಲ್ಲಾಪುರದ ಆಚೆಯವರಾದರೆ ಆರು ತಿಂಗಳು, ಈಚೆಯವರಾದರೆ ಐದು ಹಿಡಿ ಹಿಟ್ಟು. ಆಕಾಶದಲ್ಲೂ ಗಡಿನಾಕೆ ಇದೆ ಅಂತ ನನಗೆ ಅವತ್ತು ತಿಳಿಯಿತು.

ನಾನು ಅಷ್ಟಕ್ಕೇ ಬಿಡಲಿಲ್ಲ. ಹೊರಗಿನ ಖೋಲಿಗಷ್ಟೇ ಕೀಲಿ ಹಾಕೋಣ, ಸಾವಾದದ್ದು ಅಲ್ಲಿ. ಅವ್ವ, ನಾನು ಅಡಿಗೆಮನೆಯಲ್ಲಿ ಇರುತ್ತೇವೆ, ಗ್ಯಾಲರಿಯ ಕಡೆಗಿನ ಕಿಟಕಿಯ ಸರಳು ತೆಗೆಸಿ ಅಲ್ಲಿಂದಲೇ ಹತ್ತಿ ಇಳಿಯುತ್ತೇವೆ, ಅಂದೆ. ಆಚಾರ್ರು ಗಡ್ಡ ಕೆರೆದುಕೊಂಡರು, ಹೂಂ ಅಂದರೂ ಅಂದಾರು ಅನ್ನಿಸಿತು. ಅಷ್ಟರಲ್ಲಿ ದೊಡ್ಡಪ್ಪ ಗದರಿದರು. "ಒಂದ ಸೂರು, ಒಂದ ಮನಿ. ಹೆಣ್ಮಕ್ಕಳು ಕಿಡಕಿ ಹತ್ತಿ ಇಳದ್ರ ಮಂದಿ ಏನಂದಾರು?" ಆಚಾರ್ರು ಕೂಡಲೇ ತಲೆಯಾಡಿಸಿದರು. ಅಲ್ಲಿಗೆ ಶಾಸ್ತ್ರಕ್ಕಿಂತ ಮಂದಿ ದೊಡ್ಡವರಾದರು.

ಅವತ್ತು ಸಂಜೆ ಅಜೋಬಾ ನನ್ನನ್ನು ನಳದ ಹತ್ತಿರ ನಿಲ್ಲಿಸಿ, "ಘರ ಸೋಡೂ ನಕೋಸ, ಬಾಳ," ಅಂದರು. ಮನೆ ಬಿಡಬೇಡ, ಮಗಳೆ. ಬಾಡಿಗೆ ಕಾಯ್ದೆಯಲ್ಲಿ ಒಂದು ಕಲಮು ಇದೆಯಂತೆ. ಸರಿಯಾದ ಕಾರಣವಿಲ್ಲದೆ ಆರು ತಿಂಗಳು ಸತತವಾಗಿ ಮನೆ ಮುಚ್ಚಿಟ್ಟರೆ ಮಾಲಕ ದಾವೆ ಹೂಡಿ ಖಾಲಿ ಮಾಡಿಸಬಹುದಂತೆ. ಧನಿಷ್ಠಾಕ್ಕೂ ಆರು, ಕಾಯ್ದೆಗೂ ಆರು. ಇಬ್ಬರೂ ಮೊದಲೇ ಕೂತು ಮಾತಾಡಿಕೊಂಡ ಹಾಗಿತ್ತು. ನಾನು ಮೆಟ್ಟಿಲು ಹತ್ತಿ ಓಡಿ ದೊಡ್ಡಪ್ಪನಿಗೆ ಹೇಳಿದೆ. "ನಕ್ಷತ್ರಾ ಕಾಯ್ದೆ ಕೇಳೂದಿಲ್ಲ," ಅಂದರು. ಅವರ ಕೈಯಲ್ಲಿ ಕೀಲಿ ಆಗಲೇ ಇತ್ತು.

ಕೊನೆಗೆ ಅವ್ವನನ್ನು ಅಡಿಗೆಮನೆಗೆ ಕರೆದುಕೊಂಡು ಹೋದೆ. ಅವಳು ಒಮ್ಮೆ ಆಗುವುದಿಲ್ಲ ಅಂದರೆ ಸಾಕಿತ್ತು. ದೊಡ್ಡಪ್ಪ ಎಷ್ಟು ಹಾರಾಡಿದರೂ ಬಾಡಿಗೆಯ ಚೀಟಿ ಅಪ್ಪನ ಹೆಸರಿನಲ್ಲಿತ್ತು, ಅವರ ಹೆಸರಿನಲ್ಲಲ್ಲ.

"ಅವ್ವಾ, ಒಂದ ಮಾತು ಒಲ್ಲೆ ಅನ್ನು. ನಾವು ಇಲ್ಲೇ ಇರೋಣು."

ಅವಳು ನನ್ನ ಮುಖ ನೋಡಿದಳು. "ಮನಿ ಹೋದ್ರ ಹೋಗಲಿ ಹುಡುಗಿ. ನೀ ಹೋದ್ರ ನಾ ಯಾರ ಮಾರಿ ನೋಡಲಿ? ಪಂಚಕದಾಗ ಒಬ್ಬರ ಬೆನ್ನ ಹಿಂದ ಒಬ್ಬರು ಹೋಗತಾರ. ಈ ಮನ್ಯಾಗ ಉಳದಾಕಿ ನೀ ಒಬ್ಬಾಕಿ."

ಅವಳಿಗೆ ದೊಡ್ಡಪ್ಪನ ಹೆದರಿಕೆ ಇರಲಿಲ್ಲ, ಮಂದಿಯದೂ ಇರಲಿಲ್ಲ. ನಾನು ಸಾಯುತ್ತೇನೆ ಅಂತ ಹೆದರಿದ್ದಳು. ನನ್ನ ಜೀವ ಮುಂದಿಟ್ಟು ಅವಳ ಮನೆ ಕೇಳಿದ್ದರು, ಅವಳು ಹಿಂದೆ ಮುಂದೆ ನೋಡದೆ ಕೊಟ್ಟಳು. ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ.

ಹದಿಮೂರನೆಯ ದಿನ ಮುಗಿದ ಮೇಲೆ ದೊಡ್ಡಪ್ಪ ತಾವೇ ಬಾಗಿಲಿಗೆ ಕೀಲಿ ಜಡಿದು ಕೀಲಿಕೈಯನ್ನು ಕಿಸೆಗೆ ಹಾಕಿಕೊಂಡರು. ನನಗೆ ಕೊಡಿ, ತಿಂಗಳಿಗೊಮ್ಮೆ ತೆರೆದು ಒಂದು ಲೈಟು ಹಚ್ಚಿ ಬರುತ್ತೇನೆ, ಕಾಯ್ದೆಗೆ ಅಷ್ಟು ಸಾಕು, ಅಂತ ಕಾಲು ಹಿಡಿಯುವುದೊಂದು ಬಾಕಿ ಇಟ್ಟು ಬೇಡಿಕೊಂಡೆ. "ನಿನ್ನ ಕೈಯಾಗ ಕೊಟ್ರ ನಾಳೆನ ತಗದು ಕೂಡತಿ," ಅಂದರು. ಅದು ಸುಳ್ಳೇನೂ ಅಲ್ಲ. ಅಷ್ಟರಲ್ಲಿ ಮಾಲಕ ಬಂದ. ಅವ್ವನ ಟ್ರಂಕನ್ನು ತಾನೇ ಹೊತ್ತು ಕೆಳಗಿಳಿಸಿದ, ರಿಕ್ಷಾ ಕರೆದ. "ನಿಶ್ಚಿಂತ ಜಾ, ವಹಿನೀ," ಅಂದ. ನಿಶ್ಚಿಂತೆಯಿಂದ ಹೋಗಿ, ಅತ್ತಿಗೆ. ಮೂವತ್ತು ವರ್ಷದಲ್ಲಿ ಒಂದು ದಿನವೂ ಅವಳನ್ನು ಅತ್ತಿಗೆ ಅಂದವನಲ್ಲ. ರೊಟ್ಟಿ ಜಾರಿ ತುಪ್ಪದಲ್ಲಿ ಬಿದ್ದಿತ್ತಲ್ಲ, ಇನ್ನೇನು!

ಅವ್ವ ದೊಡ್ಡಪ್ಪನ ಜೊತೆ ವಿಜಾಪುರಕ್ಕೆ ಹೋದಳು, ನಾನು ಹೆಣ್ಣುಮಕ್ಕಳ ಹಾಸ್ಟೆಲು ಸೇರಿದೆ. ಪ್ರತಿ ಭಾನುವಾರ ವಾಡೆಗೆ ಹೋಗಿ ಚೌಕದಲ್ಲಿ ನಿಂತು ನಮ್ಮ ಬಾಗಿಲು ನೋಡಿ ಬರುತ್ತಿದ್ದೆ. ಬಾಗಿಲಿಗೆ ದೂಳು ಕೂತಿತ್ತು, ಅವ್ವನ ತುಳಸಿ ಒಣಗಿತ್ತು. ಬಾಡಿಗೆ ಮಾತ್ರ ಒಂದು ತಿಂಗಳೂ ತಪ್ಪಿಸಲಿಲ್ಲ. ದಸರೆಯ ಹೊತ್ತಿಗೆ ಒಂದು ಸಂಜೆ ಹಾಸ್ಟೆಲಿನ ಮಾಳಿಗೆಗೆ ಬಟ್ಟೆ ತೆಗೆಯಲು ಹೋದಾಗ ತಲೆಯೆತ್ತಿ ನೋಡಿದೆ. ಅಲ್ಲೇ ಇತ್ತು, ನೆತ್ತಿಯ ಮೇಲೆ, ಅದೇ ನಾಲ್ಕೈದು ಮಬ್ಬು ಚುಕ್ಕಿ. "ನಾಚಿಕಿ ಬರೂದಿಲ್ಲೇನ ನಿಮಗ?" ಅಂತ ಗಟ್ಟಿಯಾಗಿಯೇ ಕೇಳಿದೆ. ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದ ಹುಡುಗಿ ತನಗೇ ಅಂದೆ ಅಂದುಕೊಂಡು ಜಗಳಕ್ಕೆ ಬಂದಳು. ನನಗೂ ಯಾರ ಜೊತೆಗಾದರೂ ಜಗಳ ಬೇಕಾಗಿತ್ತು, ಮನಸಾರೆ ಆಡಿದೆ.

ಆರು ತಿಂಗಳು ತುಂಬಿತು. ತುಂಬಿದ ಮೇಲಾದರೂ ಬಾಗಿಲು ತೆರೆಯಬೇಕೋ ಬೇಡವೋ? ಇಲ್ಲ, ಒಳಗೆ ಹೋಗಲು ಮುಹೂರ್ತ ಬೇಕಂತೆ! ಇನ್ನೂ ಒಂಬತ್ತು ದಿನ ಕಾಯಿಸಿದರು. ಬಂದು ನೋಡಿದರೆ ಬಾಗಿಲಿಗೆ ಕೋರ್ಟಿನ ನೋಟೀಸು ಅಂಟಿಸಿತ್ತು.

ದಾವೆ ಮೂರು ವರ್ಷ ನಡೆಯಿತು. ಆ ಮೂರು ವರ್ಷ ಅವ್ವ ಆ ಮನೆಯಲ್ಲೇ ಇದ್ದಳು, ಆದರೆ ಕಪಾಟಿನ ಮೇಲಿನ ಟ್ರಂಕು ಕೆಳಗಿಳಿಸಿ ಬಿಚ್ಚಲಿಲ್ಲ. ಮಾಲಕನ ವಕೀಲ ನಮ್ಮ ಮನೆಯ ಲೈಟಿನ ಬಿಲ್ಲುಗಳನ್ನು ತಂದಿದ್ದ. ಆರು ಬಿಲ್ಲಿನಲ್ಲೂ ಬಳಕೆ ಸೊನ್ನೆ. ನಮ್ಮ ವಕೀಲರು ಧನಿಷ್ಠಾ ಪಂಚಕ, ಧಾರ್ಮಿಕ ರೂಢಿ, ಸರಿಯಾದ ಕಾರಣವಿತ್ತು, ಅಂತ ವಾದಿಸಿದರು. ಆಗ ಮಾಲಕನ ವಕೀಲ ಅಜೋಬಾರನ್ನು ಸಾಕ್ಷಿಗೆ ಕರೆದ. ದಹನದಲ್ಲಿ ಹಿಟ್ಟಿನ ಗೊಂಬೆ ಇಟ್ಟದ್ದು ನಿಜವೆ? ಐದು ಗೊಂಬೆಯೆ? ಅದರಿಂದ ಪಂಚಕದ ದೋಷ ಹೋಗುತ್ತದೆಯೆ? ಪ್ರಮಾಣ ಮಾಡಿ ನಿಂತ ಮುದುಕರು ಸುಳ್ಳು ಹೇಳಲಾರದೆ ಮೂರಕ್ಕೂ ಹೌದು ಅಂದರು. ಕೆಳಗಿಳಿಯುವಾಗ ಅವ್ವನ ಕಡೆ ನೋಡಲಾಗದೆ ತಲೆ ಬಗ್ಗಿಸಿದರು. ದೋಷ ಸ್ಮಶಾನದಲ್ಲೇ ಮುಗಿದಿದ್ದರೆ ಮನೆ ಮುಚ್ಚಲು ಕಾರಣವೇನು? ಅಪ್ಪನ ಮೇಲಿನ ಪ್ರೀತಿಗೆ ಸುಟ್ಟ ಐದು ಗೊಂಬೆಗಳು ಅವರ ಹೆಂಡತಿಯ ವಿರುದ್ಧವೇ ಸಾಕ್ಷಿ ನುಡಿದವು.

ಅವ್ವನನ್ನೂ ಕಟಕಟೆಗೆ ಕರೆದರು. ಮನೆ ಯಾಕೆ ಬಿಟ್ಟಿರಿ ಅಂತ ಕೇಳಿದರೆ, ನಳದ ಕಟ್ಟೆಯ ಮೇಲೆ ಕಲಿತ ಮರಾಠಿಯಲ್ಲಿ, ನನಗೆ ಒಬ್ಬಳೇ ಮಗಳು ಅಂದಳು. ಅಷ್ಟೇ ಅಂದಳು. ಅಲ್ಲಿ ಕೂತವರಿಗೆ ಅದು ಉತ್ತರ ಅಂತಲೇ ಅನ್ನಿಸಲಿಲ್ಲ. ತೀರ್ಪು ಮಾಲಕನ ಕಡೆಗಾಯಿತು.

ಊರ ಹೊರಗೆ, ಹಡಪಸರದ ಆಚೆ ಒಂದು ಖೋಲಿ ಹಿಡಿದೆವು. ಈಗಿನ ಬಾಡಿಗೆಯೆಲ್ಲ ಹನ್ನೊಂದು ತಿಂಗಳ ಕರಾರು. ಹನ್ನೊಂದು ತುಂಬಿತೋ, ಗಂಟು ಕಟ್ಟು. ಮೂವತ್ತು ವರ್ಷ ಒಂದೇ ಒಲೆಯ ಮುಂದೆ ಕೂತವಳು ಮುಂದೆ ಆರು ವರ್ಷದಲ್ಲಿ ಐದು ಅಡಿಗೆಮನೆ ಕಂಡಳು. ಪ್ರತಿ ಹೊಸ ಮನೆಯಲ್ಲಿ ಮೊದಲ ಒಂದು ವಾರ ಉಪ್ಪಿನ ಡಬ್ಬಿ ಹುಡುಕುತ್ತಿದ್ದಳು. ದೊಡ್ಡಪ್ಪ ಒಂದು ದಿನವೂ ತಪ್ಪಾಯಿತು ಅನ್ನಲಿಲ್ಲ. "ಮನಿ ಹೋದ್ರೇನಾತು, ಮಗಳು ಉಳದಾಳಲ್ಲ," ಅನ್ನುತ್ತಿದ್ದರು. ಅವ್ವ ಅದನ್ನು ಒಪ್ಪಿಕೊಂಡು ನನ್ನ ಕಡೆ ನೋಡುತ್ತಿದ್ದಳು. ನಾನು ದಿನಾ ಆಫೀಸಿಗೆ ಹೋಗಿ ಜೀವಂತ ತಿರುಗಿ ಬರುತ್ತಿದ್ದುದೇ ಅವಳಿಗೆ ಪುರಾವೆ. ಈ ತರ್ಕದ ಎದುರು ನಾನು ಏನಂತ ವಾದ ಮಾಡಲಿ, ಸತ್ತು ತೋರಿಸಲೆ?

ಹೀಗೆ ವರ್ಷ ಕಳೆದವು. ದೊಡ್ಡಪ್ಪನ ಮಗ ಓದು ಮುಗಿಸಿ ಒಳ್ಳೆಯ ನೌಕರಿ ಹಿಡಿದ, ಮಗರಪಟ್ಟಾದಲ್ಲಿ ಹತ್ತನೆಯ ಮಹಡಿಯ ಮೇಲೆ ಫ್ಲ್ಯಾಟು ಕೊಂಡ, ತನ್ನ ಅಪ್ಪನನ್ನು ಕರೆತಂದು ಇಟ್ಟುಕೊಂಡ. ಒಂದು ಮಧ್ಯಾಹ್ನ ದೊಡ್ಡಪ್ಪ ಉಂಡು ಮಲಗಿದವರು ಏಳಲಿಲ್ಲ. ಫೋನು ಬಂದಾಗ ನಾನು ಮಾಡಿದ ಮೊದಲ ಕೆಲಸ, ಗೋಡೆಯ ಕ್ಯಾಲೆಂಡರು ನೋಡಿದ್ದು. ಪಾಪದ ಮಾತೋ ಪುಣ್ಯದ ಮಾತೋ ಕಾಣೆ, ಹೇಳಿಬಿಡುತ್ತೇನೆ. ರೋಹಿಣಿ. ಚಂದ್ರನ ಮುದ್ದಿನ ಹೆಂಡತಿ. ನಾಲ್ಕು ತಿಂಗಳು.

ಹನ್ನೆರಡನೆಯ ದಿನ ಅವ್ವ, ನಾನು ಹೋದೆವು. ಅದೇ ಆಚಾರ್ರು, ಗಡ್ಡ ನೆರೆತಿತ್ತು ಅಷ್ಟೇ. ಕೆಲಸ ಮುಗಿದು ಎಲ್ಲರೂ ಕೂತಿದ್ದಾಗ ನಾನು ಕೇಳಿದೆ. "ಮನಿ ಯಾವಾಗ ಮುಚ್ಚತೀರಿ?"

ದೊಡ್ಡಪ್ಪನ ಮಗ ಆಚಾರ್ರ ಮುಖ ನೋಡಿದ. ಆಚಾರ್ರು ಕೆಮ್ಮಿದರು. "ನಾಳೆ ಒಂದು ಶಾಂತಿ ಇಟ್ಟಕೊಂಡೀವಿ. ಅಷ್ಟ ಸಾಕು. ಈಗಿನ ಕಾಲಕ್ಕ ಮನಿ ಬಿಡೂದು ಯಾರಿಗೂ ಆಗೂದಿಲ್ಲ. ಮತ್ತ ಇದು ಹತ್ತನೇ ಅಂತಸ್ತು ನೋಡವಾ, ನೆಲಾ ಮುಟ್ಟಿಲ್ಲ. ನೆಲಾ ಮುಟ್ಟದ ಮನೀಗೆ ದೋಷ ಹತ್ತೂದಿಲ್ಲ."

ಪಿತ್ತ ನೆತ್ತಿಗೇರಿತು. "ನಮ್ಮ ಮನಿ ಏನ್ ಪಾತಾಳದಾಗ ಇತ್ತೇನ್ರೀ ಆಚಾರ್ರ? ಹದಿನೆಂಟು ಮೆಟ್ಟಲಾ ಹತ್ತಿ ಬಂದು ಕೂತಿದ್ರಲ್ಲ ನೀವು! ಕಾಲು ನೂಸಲಿಲ್ಲೇನು?"

"ಅಕ್ಕಾ, ಈಗ್ಯಾಕ ಅದು?" ಅಂದ ತಮ್ಮ. "ಸಣ್ಣ ಹುಡುಗರವ, ಅವರ ಸಾಲಿ ಅದ. ನಾವು ಎಲ್ಲೆ ಹೋಗಬೇಕು?"

"ನಾವು ಎಲ್ಲೆ ಹೋದ್ವಿ ಅಂತ ಯಾರರೆ ಕೇಳಿದ್ರೇನು? ನಿಮ್ಮಪ್ಪ ಕೇಳಿದ್ರಾ? ಇವರು ಕೇಳಿದ್ರಾ? ಹೇಳೋದು ಆಚಾರ, ತಿನ್ನೋದು ಬದನೀಕಾಯಿ!"

ಆಚಾರ್ರು ಶಲ್ಯ ಸರಿಮಾಡಿಕೊಂಡರು. ಒಳಗಿನ ಕೋಣೆಯಲ್ಲಿ ಹುಡುಗರು ಟೀವಿ ಹಚ್ಚಿದ್ದರು. ಅವ್ವ ನನ್ನ ಸೆರಗು ಜಗ್ಗಿ, "ಸಾಕು ನಡಿ, ಸತ್ತ ಮನ್ಯಾಗ ಹಿಂಗ ಒದರಬಾರದು," ಅಂದಳು. ನನಗಂತೂ ಇನ್ನೂ ಒದರುವುದಿತ್ತು. ಲಿಫ್ಟಿನಲ್ಲಿ ಕೂಡ ಒದರಿದೆ.

ರಿಕ್ಷಾ ಹತ್ತಿದೆವು. ಸಂಜೆಯ ಗದ್ದಲದಲ್ಲಿ ಅದು ನಿಂತು ನಿಂತು ಹೋಗುತ್ತಿತ್ತು. ಅವ್ವ ಮುಂದಿನ ಸರಳು ಹಿಡಿದು ರಸ್ತೆ ನೋಡುತ್ತ ಕೂತಿದ್ದಳು. ನನ್ನ ಕಡೆ ತಿರುಗದೆ ಕೇಳಿದಳು.

"ಹಂಗಾದ್ರ ಅವತ್ತು ನಾವೂ ಒಂದು ಶಾಂತಿ ಮಾಡಿಸಿ ಇರಬಹುದಿತ್ತೇನ?"

ಈ ಒಂದು ಪ್ರಶ್ನೆಗಾಗಿ ನಾನು ಒಂಬತ್ತು ವರ್ಷ ಕಾದಿದ್ದೆ. ಉತ್ತರವನ್ನು ಮಸೆದು ಮಸೆದು ಇಟ್ಟುಕೊಂಡಿದ್ದೆ. ಇರಬಹುದಿತ್ತು ಅವ್ವಾ, ಕಾಲು ಚಾಚಿ ಇರಬಹುದಿತ್ತು, ನಿನ್ನನ್ನು ಸುಮ್ಮಸುಮ್ಮನೆ ಹೊರಗೆ ಹಾಕಿದರು, ನಾನು ಅವತ್ತೇ ಬಡಕೊಂಡಿದ್ದೆ. ಬಾಯಿ ತೆರೆದೆ. ಅವಳು ಈಗ ನನ್ನ ಕಡೆ ತಿರುಗಿದ್ದಳು. ಅಪ್ಪ ಹೋದ ದಿನವೂ ಆ ಮುಖದಲ್ಲಿ ಅಂಥ ಹೆದರಿಕೆ ಕಂಡಿರಲಿಲ್ಲ.

"ಇಲ್ಲವ್ವ," ಅಂದೆ. "ಇದು ರೋಹಿಣಿ, ಅದು ಧನಿಷ್ಠಾ. ಧನಿಷ್ಠಾ ಭಾಳ ಕೆಟ್ಟದ್ದು. ಶಾಂತಿಗೆಲ್ಲಾ ಬಗ್ಗೂದಿಲ್ಲ ಅದು. ನೀ ಮನಿ ಬಿಟ್ಟದ್ದ ಛಲೋ ಆತು."

"ಹೌದಲ್ಲ?" ಅಂದಳು. ಸರಳಿನ ಮೇಲಿನ ಕೈ ಸಡಿಲಾಯಿತು. "ಬಿಟ್ಟದ್ದಕ್ಕ ನೀ ಉಳದಿ."

"ಹೂಂ, ಅದಕ್ಕ ಉಳದೆ," ಅಂದೆ. ಅವಳು ಸೀಟಿಗೆ ಒರಗಿ ಕಣ್ಣು ಮುಚ್ಚಿದಳು. ನಾನು ಅವಳ ಕೈ ಹಿಡಿದುಕೊಂಡು, ಹಲ್ಲು ಕಚ್ಚಿಕೊಂಡು, ಮನೆ ಬರುವ ತನಕ ಕೂತಿದ್ದೆ.